ಅಮ್ಮನ ದನಿಗೆ ಏನಾಗಿತ್ತು?

"ಆನ್‌ಲೈನ್ ಪಾಠ ಇನ್ನು ಸಾಕು ಕಣೋ. ವಯಸ್ಸಾಯ್ತು, ದನಿ ನಿಲ್ತಿಲ್ಲ."

ಶಿವಮೊಗ್ಗದಿಂದ ಅಮ್ಮ ಹೀಗಂದಾಗ ನಾನು ಬೆಂಗಳೂರಿನಲ್ಲಿ ಆಫೀಸ್ ಕ್ಯಾಬ್‌ನಲ್ಲಿದ್ದೆ. ದುಬೈನಲ್ಲಿರುವ ಶಿಷ್ಯೆಯೊಬ್ಬಳ ತಾಯಿ, "ಟೀಚರ್, ನೀವು ಷಡ್ಜ ಹಿಡಿದ್ರೆ ಅರ್ಧಕ್ಕೇ ಮಾಯವಾಗುತ್ತೆ" ಅಂದಿದ್ದರಂತೆ. ಅಮ್ಮ ತಪ್ಪೆಲ್ಲ ತನ್ನ ಗಂಟಲಿನದೇ ಅಂದುಕೊಂಡಿದ್ದಳು.

ನನಗೆ ಅನುಮಾನ ಇದ್ದದ್ದು ಲ್ಯಾಪ್‌ಟಾಪಿನ ಮೈಕ್ ಮೇಲೆ. ಅವಸರದಲ್ಲಿ ಆನ್‌ಲೈನ್‌ನಲ್ಲಿ ಒಂದು ಕಂಡೆನ್ಸರ್ ಮೈಕು, ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡು ತರಿಸಿದೆ. ಶನಿವಾರ ಊರಿಗೆ ಹೋಗಿ ಜೋಡಿಸಿದರೆ ಮೈಕು ತುಟಿ ಪಿಟಕ್ಕೆನ್ನಲಿಲ್ಲ. ಆ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಆ ಪುಟ್ಟ ಕಾರ್ಡು ಅದನ್ನ ಕೊಡಲ್ಲ. ಎಂಜಿನಿಯರಿಂಗ್ ಓದಿದವನು, ಡಬ್ಬಿ ಮೇಲೆ ಬರೆದಿದ್ದನ್ನೂ ಓದಿರಲಿಲ್ಲ!

ಎರಡನೇ ಸಲ ಸರಿಯಾದ ಆಡಿಯೋ ಇಂಟರ್‌ಫೇಸ್ ಹುಡುಕಿದೆ. ಕಣ್ಣು ಮೊದಲು ಹೋಗಿದ್ದು 192 ಕಿಲೋಹರ್ಟ್ಸ್ ಅನ್ನೋ ದಪ್ಪಕ್ಷರದ ಮೇಲೆ. ಅದನ್ನ ಬಿಟ್ಟುಬಿಡಿ. ನಮ್ಮ ಕಿವಿಗೆ ಕೇಳಿಸೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್. ಅಷ್ಟಕ್ಕೆ 44.1 ಅಥವಾ 48ರ ಸ್ಯಾಂಪಲಿಂಗ್ ಧಾರಾಳ. ನೋಡಬೇಕಾದದ್ದು ಏನೇನು ಸಿಕ್ಕಿಸಬೇಕು ಅನ್ನೋದು. ಅಮ್ಮನಿಗೆ ಬೇಕಾದದ್ದು ಒಂದು ಮೈಕು, ಎಲೆಕ್ಟ್ರಾನಿಕ್ ತಂಬೂರಿಗೆ ಒಂದು ಲೈನ್ ಇನ್‌ಪುಟ್. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಇವೆರಡೂ ಇವೆ, ಅದನ್ನೇ ತಗೊಂಡೆ. ಎರಡು ಮೈಕು ಹಾಕೋರಾದರೆ ಅದರದೇ 2ಐ2 ನೋಡಿ.

ಹೊಸದನ್ನ ಸಿಕ್ಕಿಸಿ ಹೆಡ್‌ಫೋನ್ ಕೊಟ್ಟೆ. ಎರಡು ಸಾಲು ಹಾಡಿದವಳೇ ಕಿತ್ತಿಟ್ಟಳು. "ನನ್ನ ದನಿ ನನ್ನ ಹಿಂದೆಯೇ ಓಡಿ ಬಂದ ಹಾಗಿದೆ, ತಾಳ ಹೇಗೋ ಹಾಕೋದು?" ನಾನು ಆ ದನಿಯನ್ನ ಕಂಪ್ಯೂಟರಿನೊಳಗೆ ಸುತ್ತಿಸಿ ವಾಪಸ್ ಕೇಳಿಸ್ತಿದ್ದೆ. 48 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಬಫರ್ ಅಂದರೆ ಒಂದು ದಿಕ್ಕಿಗೇ 10 ಮಿಲಿಸೆಕೆಂಡಿಗಿಂತ ಹೆಚ್ಚು, ಹೋಗಿ ಬರೋಷ್ಟರಲ್ಲಿ 20 ದಾಟುತ್ತೆ. ಕೋಡ್ ಬರೆಯೋನಿಗೆ ಅದು ಏನೂ ಅಲ್ಲ, ಹಾಡೋರಿಗೆ ಗೊತ್ತಾಗಿಬಿಡುತ್ತೆ. 'ಡೈರೆಕ್ಟ್ ಮಾನಿಟರ್' ಒತ್ತಿ, ಕಂಪ್ಯೂಟರಿನಿಂದ ವಾಪಸ್ ಬರೋದನ್ನ ಬಂದ್ ಮಾಡಿದೆ. ಮೈಕಿನ ದನಿ ಡಬ್ಬಿಯಿಂದಲೇ ಸೀದಾ ಕಿವಿಗೆ ಬಂತು. ಅಮ್ಮನ ಹುಬ್ಬು ಇಳೀತು.

ಇಷ್ಟಾದರೂ ವಿಡಿಯೋ ಕಾಲ್‌ನಲ್ಲಿ ಷಡ್ಜ ಕರಗುತ್ತಲೇ ಇತ್ತು! ಪಕ್ಕದ ರೂಮಿನಲ್ಲಿ ಕೂತು ಫೋನಿನಲ್ಲಿ ಕೇಳಿದಾಗ ಕಳ್ಳ ಸಿಕ್ಕಿದ. ಕಾಲ್ ಆ್ಯಪ್‌ನಲ್ಲಿರುವ ಗದ್ದಲ ತಗ್ಗಿಸುವ ವ್ಯವಸ್ಥೆ ಒಂದೇ ಸಮನೆ ಬರುವ ಸದ್ದನ್ನ ಫ್ಯಾನಿನ ಸದ್ದು ಅಂತ ತಿಳಿದು ಅಳಿಸುತ್ತೆ. ತಂಬೂರಿ ಮೊದಲು ಹೋಗ್ತಿತ್ತು, ಹಿಂದೆಯೇ ಅಮ್ಮ ಹಿಡಿದ ಸ್ವರ. ಅಂದರೆ ಸ್ವರ ಅಲುಗದೆ ನಿಂತಷ್ಟೂ ಅದಕ್ಕೆ ಅಪಾಯ. ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಅದನ್ನ ಆಫ್ ಮಾಡಿದೆ. (ಸಂಗೀತ ಪಾಠ ಮಾಡೋರು ಖರ್ಚು ಮಾಡೋಕೆ ಮುಂಚೆ ಇದನ್ನೊಮ್ಮೆ ನೋಡಿ. ಎಕೋ ತಡೆಯೋದನ್ನೂ ಆಫ್ ಮಾಡಿದರೆ ಹೆಡ್‌ಫೋನ್ ಹಾಕಲೇಬೇಕು, ಇಲ್ಲದಿದ್ದರೆ ಆ ಕಡೆಯವರ ಮಾತು ಅವರಿಗೇ ಮರಳುತ್ತೆ.)

ಹಾಗಾದರೆ ಇಂಟರ್‌ಫೇಸ್ ದಂಡವೇ? ಅಲ್ಲ. ಲ್ಯಾಪ್‌ಟಾಪ್ ಮೈಕಿನಲ್ಲಿ ಕೇಳದ ಗಮಕದ ಅಂಚು ಈಗ ಕೇಳುತ್ತೆ. ಕಂಡೆನ್ಸರ್ ಮೈಕು ಮಾತ್ರ ಅಡುಗೆಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತೆ. ಈಗ ಕೊಳ್ಳೋದಾದರೆ ನಾನು ಡೈನಾಮಿಕ್ ಮೈಕನ್ನೇ ಕೊಳ್ತಿದ್ದೆ.

ಭಾನುವಾರ ಸಂಜೆ ದುಬೈ ಹುಡುಗಿಯ ಪಾಠ. ಅಮ್ಮ ಷಡ್ಜ ಹಿಡಿದಳು, ಉಸಿರು ಮುಗಿಯೋವರೆಗೂ ಬಿಡಲಿಲ್ಲ. ಆ ಕಡೆಯಿಂದ ಹುಡುಗಿ, "ಟೀಚರ್, ಇಷ್ಟು ಉದ್ದ ನನಗೆ ಆಗಲ್ಲ!" ಅಂತ ಕೂಗಿದಳು.

"ಆಗುತ್ತೆ ಪುಟ್ಟಿ, ಇನ್ನೊಂದ್ಸಲ ಹಿಡಿ" ಅಂದಳು ಅಮ್ಮ.