ಲಿವರ್‌ಗೆ ಬೇಕಿರುವುದು ಕ್ಯಾಪ್ಸೂಲೋ, ಪಡಿತರದ ಬೇಳೆಯೋ?

ಜಯಲಕ್ಷ್ಮಿಪುರಂನಲ್ಲಿ ನಾನು ಔಷಧಿ ತರುವ ಅಂಗಡಿಯಲ್ಲಿ ಈಗ ಪ್ರೋಬಯಾಟಿಕ್‌ಗಳಿಗೇ ಒಂದು ಸಾಲು ಮೀಸಲಾಗಿದೆ. ಕೊಳ್ಳುವವರು ವಯಸ್ಸಾದವರಲ್ಲ, ಹೆಬ್ಬಾಳದ ಐಟಿ ಕಂಪನಿಗಳಿಗೆ ಹೋಗುವ ನನ್ನ ಓರಗೆಯವರು. ಆಫೀಸಿನ ಚೆಕಪ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಬಂದಿರುತ್ತೆ. ರೀಲ್ಸ್‌ನಲ್ಲಿ ಯಾರೋ ‘ಹೊಟ್ಟೆಯ ಬ್ಯಾಕ್ಟೀರಿಯಾ ಸರಿ ಮಾಡ್ಕೊಳ್ಳಿ, ಲಿವರ್ ತಾನೇ ಸರಿಹೋಗುತ್ತೆ’ ಅಂದಿರುತ್ತಾರೆ. ಇದೇನು ಅಪರೂಪದ ಕಾಯಿಲೆಯಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದವರ 2025ರ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಪಟ್ಟ ಐಟಿ ನೌಕರರ ಪೈಕಿ 84% ಮಂದಿಯ ಲಿವರ್‌ನಲ್ಲಿ ಕೊಬ್ಬು ಸೇರಿತ್ತು.

ರೀಲ್ಸ್‌ನವರ ಮಾತು ಪೂರ್ತಿ ಸುಳ್ಳೂ ಅಲ್ಲ. ಕರುಳಿನಿಂದ ಹೊರಡುವ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಹೋಗುವುದು ಲಿವರ್‌ಗೇ. ಹಾಗಾಗಿ ಕರುಳಿನ ಬ್ಯಾಕ್ಟೀರಿಯಾಗಳು ಏನು ತಯಾರಿಸಿದರೂ ಅದರ ಮೊದಲ ಗಿರಾಕಿ ಲಿವರ್. ನಾರಿನಂಶ ಸಿಕ್ಕರೆ ಅವು ಅದನ್ನು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ನಾರು ಸಿಗದೆ ಆ ಪದರ ಸಡಿಲವಾದರೆ, ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು ರಕ್ತಕ್ಕೆ ನುಸುಳಿ ಲಿವರ್‌ನಲ್ಲಿ ಉರಿಯೂತ ಎಬ್ಬಿಸುತ್ತವೆ. 2019ರಲ್ಲಿ ಚೀನಾದ ಸಂಶೋಧಕರು ಇನ್ನೊಂದು ವಿಚಿತ್ರ ತೋರಿಸಿದರು: ಅವರು ಪರೀಕ್ಷಿಸಿದ ಫ್ಯಾಟಿ ಲಿವರ್ ರೋಗಿಗಳಲ್ಲಿ ಸುಮಾರು 60% ಜನರ ಕರುಳಲ್ಲಿ ಹೆಚ್ಚು ಮದ್ಯಸಾರ ತಯಾರಿಸುವ ಕ್ಲೆಬ್ಸಿಯೆಲ್ಲಾ ತಳಿಗಳಿದ್ದವು. ಹನಿ ಕುಡಿಯದವರ ಹೊಟ್ಟೆಯೊಳಗೇ ಒಂದು ಭಟ್ಟಿ!

ಹಾಗಾದರೆ ಒಳ್ಳೆ ಬ್ಯಾಕ್ಟೀರಿಯಾ ನುಂಗಿಬಿಟ್ಟರೆ ಆಯ್ತಲ್ಲ? ಪುರಾವೆ ತೆಳುವಾಗುವುದು ಇಲ್ಲೇ. ಕೆಲವು ಪ್ರಯೋಗಗಳಲ್ಲಿ ಲಿವರ್ ಕಿಣ್ವಗಳ ಮಟ್ಟ ಒಂದಿಷ್ಟು ಇಳಿದಿದೆ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಚಿಕ್ಕವು, ಕೆಲವೇ ತಿಂಗಳು ನಡೆದವು, ಬಳಸಿದ ತಳಿಗಳೂ ಬೇರೆ ಬೇರೆ. ಒಂದು ತಳಿಯ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವುದಕ್ಕೆ ನಾನು ವಿಜ್ಞಾನ ಅನ್ನಲಾರೆ. ದೇಹತೂಕ 7ರಿಂದ 10% ಇಳಿಸಿದರೆ ಲಿವರ್‌ನ ಕೊಬ್ಬು, ಉರಿಯೂತ ತಗ್ಗುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಯಾವ ಕ್ಯಾಪ್ಸೂಲೂ ಅದರ ಹತ್ತಿರ ಬಂದಿಲ್ಲ. ಮನೆಯ ಮೊಸರು? ಧಾರಾಳವಾಗಿ ತಿನ್ನಿ. ಆದರೆ ಅದನ್ನು ಔಷಧಿ ಮಾಡಬೇಡಿ, ಅದರಲ್ಲಿ ಯಾವ ತಳಿ ಎಷ್ಟಿದೆ ಅಂತ ಯಾರೂ ಅಳೆದಿರುವುದಿಲ್ಲ.

ಮೊಸರಿಗಾಗಿ ನಾವು ಬೀದಿಗಿಳಿಯುತ್ತೇವೆ, ಬಿಡಿ. 2023ರ ಮಾರ್ಚ್‌ನಲ್ಲಿ ನಂದಿನಿ ಪ್ಯಾಕೆಟ್ ಮೇಲೆ ‘ದಹಿ’ ಅಂತ ಹಾಕಿ ಎಂದಾಗ ಎದ್ದ ಗಲಾಟೆಗೆ ಎಫ್‌ಎಸ್‌ಎಸ್‌ಎಐ ಹಿಂದೆ ಸರಿಯಿತು. ಅದು ಬೇಕಾಗಿದ್ದ ಜಗಳವೇ. ಆದರೆ 2022ರ ಜುಲೈ 18ರಿಂದ ಅದೇ ಪ್ಯಾಕೆಟ್ ಮೊಸರಿನ ಮೇಲೆ 5% ಜಿಎಸ್‌ಟಿ ಬಿದ್ದಾಗ ನಮ್ಮ ಸಿಟ್ಟು ಎಷ್ಟು ದಿನ ಉಳಿಯಿತು? ತಟ್ಟೆಗೆ ಏನು ಬೀಳುತ್ತೆ, ಎಷ್ಟಕ್ಕೆ ಬೀಳುತ್ತೆ ಅನ್ನೋದು ನಮಗೆ ಇನ್ನೂ ರಾಜಕೀಯ ಅನ್ನಿಸಿಲ್ಲ.

2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಈ ತಟ್ಟೆಯನ್ನೇ ಲೆಕ್ಕ ಹಾಕಿದೆ. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು 62% ಬರುವುದು ಪಿಷ್ಟ, ಸಕ್ಕರೆಯಿಂದ. ಬಿಳಿ ಅಕ್ಕಿ ಬಿಟ್ಟು ಗೋಧಿಗೋ ಸಿರಿಧಾನ್ಯದ ಹಿಟ್ಟಿಗೋ ಬದಲಾದರೆ ಮಾತ್ರ ಸಾಲದು, ಒಟ್ಟು ಪ್ರಮಾಣವೇ ಇಳಿಯಬೇಕು. ಮುದ್ದೆ ಅಭಿಮಾನಿಗಳಿಗೆ (ನಾನೂ ಒಬ್ಬ) ಬೇಸರದ ಸುದ್ದಿ. ಕ್ಯಾಲೊರಿಯ 5% ಭಾಗವನ್ನು ಹೀಗೆ ತಗ್ಗಿಸಿ ಬೇಳೆಕಾಳು ಅಥವಾ ಹಾಲು-ಮೊಸರಿನ ಪ್ರೋಟೀನ್‌ಗೆ ಬದಲಿಸಿದಲ್ಲಿ ಮಧುಮೇಹದ ಅಪಾಯ ಕಡಿಮೆ ಕಂಡಿದೆ. ಕಾಳಿನ ಜತೆ ಬ್ಯಾಕ್ಟೀರಿಯಾಗೆ ಬೇಕಾದ ನಾರೂ ಪುಕ್ಕಟೆ ಬರುತ್ತೆ.

ಅದಕ್ಕೇ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ‘ಇಂದಿರಾ ಆಹಾರ ಕಿಟ್’ ಕೊಡುತ್ತೇವೆ ಅಂದಿದ್ದು ನನಗೆ ಈಚಿನ ಯಾವ ಪ್ರೋಬಯಾಟಿಕ್ ಜಾಹೀರಾತಿಗಿಂತ ದೊಡ್ಡ ಲಿವರ್ ಸುದ್ದಿ. ಪಟ್ಟಿಯಲ್ಲಿ ತೊಗರಿಬೇಳೆ, ಅಡುಗೆ ಎಣ್ಣೆ, ಉಪ್ಪು ಇವೆ. ಸಕ್ಕರೆಯೂ ಇದೆ! ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಸಂಭಾಳಿಸುವುದು ಹೆಚ್ಚಾಗಿ ಲಿವರ್, ಮಿತಿ ಮೀರಿದರೆ ಕೊಬ್ಬು ಮಾಡಿ ಅಲ್ಲೇ ಕೂಡಿಡುತ್ತೆ. ಬಡವರು ಟೀಗೆ ಸಕ್ಕರೆ ಹಾಕ್ಕೋಬಾರದು ಅಂತಲ್ಲ. ಸರ್ಕಾರದ ದುಡ್ಡಲ್ಲಿ ಕೊಡುವ ಚೀಲದಲ್ಲಿ ಆ ಜಾಗಕ್ಕೆ ಕಡಲೆ, ಹೆಸರುಕಾಳು, ಅಲಸಂದೆ ಯಾಕೆ ಬರಬಾರದು ಅಂತ ಕೇಳ್ತಿದ್ದೀನಿ.

ಇದನ್ನು ಲೆಕ್ಕ ಹಾಕಿಕೊಡುವವರು ನಮ್ಮ ಬಡಾವಣೆಯ ಪಕ್ಕದಲ್ಲೇ ಇದ್ದಾರೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪಿಸಿ ಅಮುಲ್‌ಗೆ ಕೊಟ್ಟ ಸಂಸ್ಥೆ. ಫ್ಯಾಟಿ ಲಿವರ್ ಕೇಂದ್ರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿದ್ದು 2021ರಲ್ಲಿ. ಅದನ್ನು ನೋಡಿಕೊಳ್ಳುವುದು ಆರೋಗ್ಯ ಇಲಾಖೆ, ಕಿಟ್ ತುಂಬುವುದು ಆಹಾರ ಇಲಾಖೆ. ಸಕ್ಕರೆ ಸೇರಿಸುವ ಮುನ್ನ ಒಂದು ಇನ್ನೊಂದನ್ನು ಕೇಳಿತ್ತಾ? ನಿಮ್ಮ ಶಾಸಕರು ಮುಂದಿನ ಸಲ ಸಿಕ್ಕಾಗ ಇದೊಂದು ಕೇಳಿ ನೋಡಿ.