ಕ್ಯಾರವಾನ್ ಕೊಳ್ಳುವ ಮುನ್ನ ಹಲಗೆ ಸರಿಸಿ ನೋಡಿ

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರ ಸಮೀಪ ಕರಿಂಬನಪಾಲಂ ಎಂಬಲ್ಲಿ, ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರ ಶವ ಸಿಕ್ಕಿತು. ಗಾಡಿ ಎಲ್ಲಿಯೂ ಡಿಕ್ಕಿ ಹೊಡೆದಿರಲಿಲ್ಲ, ಬೆಂಕಿ ತಗುಲಿರಲಿಲ್ಲ. ವಿಶ್ರಾಂತಿಗೆಂದು ನಿಲ್ಲಿಸಿದ್ದವರು ಎಸಿಗಾಗಿ ಜನರೇಟರ್ ಓಡಿಸಿಕೊಂಡಿದ್ದರು. ಆಮೇಲೆ ಕಲ್ಲಿಕೋಟೆಯ ಎನ್‌ಐಟಿ ತಜ್ಞರು ಅದೇ ಗಾಡಿಯನ್ನು ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು: ಜನರೇಟರಿನ ಹೊಗೆ ಗಾಡಿಯ ನೆಲದಲ್ಲಿದ್ದ ತೂತಿನ ಮೂಲಕ ಒಳಗೆ ಬಂದು, ಅದರಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆಲ್ಲ ತುಂಬಿಕೊಂಡಿತ್ತು.

ದಕ್ಷಿಣ ಕೊಡಗಿನ ಶ್ರೀಮಂಗಲದವರಿಗೆ ವಡಕರ ದೂರದ ಊರಲ್ಲ. ಕುಟ್ಟ, ಮಾನಂದವಾಡಿ ದಾಟಿ ಕುಟ್ಯಾಡಿ ಘಾಟಿ ಇಳಿದರೆ ಆಯಿತು. ಇರ್ಪು ಜಲಪಾತಕ್ಕೆ, ನಾಗರಹೊಳೆಗೆ, ವಯನಾಡಿಗೆ ಹೋಗುವ ಪ್ರವಾಸಿಗರ ದಾರಿಯಲ್ಲೇ ನಮ್ಮೂರು ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲೇ ಕ್ಯಾರವಾನ್ ನೀತಿ ತಂದಿತ್ತು; ಪಕ್ಕದ ಕೇರಳ 2021ರಲ್ಲಿ ತನ್ನದೇ ನೀತಿ ಪ್ರಕಟಿಸಿತು. ಹೀಗಿರುವಾಗ ಹೋಂಸ್ಟೇ ನಡೆಸುವವರಿಗೋ, ನಿವೃತ್ತರಾಗಿ ತೋಟ ಮಕ್ಕಳಿಗೆ ವಹಿಸಿದವರಿಗೋ ಒಂದು ಕ್ಯಾರವಾನ್ ತೆಗೆದುಕೊಳ್ಳೋಣ ಅನ್ನಿಸುವುದು ಸಹಜ. ಆಸೆ ಒಳ್ಳೆಯದೇ. ಆದರೆ ಮಾರುವವರು ಕಳಿಸುವ ಫೋಟೋಗಳಲ್ಲಿ ಸೋಫಾ, ಟಿವಿ, ಬಣ್ಣದ ದೀಪ ಕಾಣುತ್ತವೆ. ವಡಕರದಲ್ಲಿ ಜೀವ ತೆಗೆದಂಥ ತೂತು ಯಾವ ಫೋಟೋದಲ್ಲಿಯೂ ಕಾಣುವುದಿಲ್ಲ.

ಮೊದಲು ಕಾಗದಪತ್ರ. ನಮ್ಮಲ್ಲಿ ಕ್ಯಾರವಾನ್ ಎರಡು ದಾರಿಯಲ್ಲಿ ಹುಟ್ಟುತ್ತದೆ. ಒಂದು, ಮೋಟಾರ್ ಕ್ಯಾರವಾನ್‌ಗಳಿಗೆಂದೇ ಇರುವ ಎಐಎಸ್-124 ಮಾನದಂಡದಂತೆ ಕಟ್ಟಿ, ಪುಣೆಯ ಎಆರ್‌ಎಐಯಂತಹ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಅನುಮೋದನೆ ಪಡೆದದ್ದು. ಇನ್ನೊಂದು, ಹಳೆಯ ಟೆಂಪೋ ಟ್ರಾವೆಲರ್ ಅಥವಾ ಮಿನಿ ಬಸ್ಸಿನ ಸೀಟು ಕಿತ್ತು, ಬಾಡಿ ಕಟ್ಟುವ ಶೆಡ್ಡಿನಲ್ಲಿ ಮಂಚ, ಅಡುಗೆಕಟ್ಟೆ ಕೂರಿಸಿದ್ದು. ಎರಡನೆಯದು ಅಗ್ಗ, ನೋಡಲು ಚೆಂದವೂ ಇರಬಹುದು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾಲೀಕರು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅಕ್ರಮ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಎನ್ನುತ್ತದೆ. ದಂಡ ಕಟ್ಟಿ ಮುಗಿಸಬಹುದು. ದೊಡ್ಡ ತೊಂದರೆ ಬರುವುದು ವಿಮೆಯಲ್ಲಿ. ಆರ್‌ಸಿಯಲ್ಲಿ ಇರುವುದು ಒಂದು, ರಸ್ತೆಯಲ್ಲಿ ಸುಟ್ಟು ನಿಂತಿರುವುದು ಇನ್ನೊಂದು ಎಂದಾದರೆ ಕಂಪನಿ ಪರಿಹಾರ ಕೊಡಲು ತಕರಾರು ತೆಗೆಯುತ್ತದೆ.

ಹಾಗಾಗಿ ಮುಂಗಡ ಕೊಡುವ ಮೊದಲೇ ಗಾಡಿ ನಂಬರ್ ತೆಗೆದುಕೊಂಡು ಎಂ-ಪರಿವಾಹನ್ ಆ್ಯಪ್‌ನಲ್ಲಿ ಅದು ಯಾವ ವರ್ಗದಲ್ಲಿ ನೋಂದಣಿಯಾಗಿದೆ ನೋಡಿ. ‘ಮೋಟಾರ್ ಕ್ಯಾರವಾನ್’, ‘ಕ್ಯಾಂಪರ್ ವ್ಯಾನ್’ ಎಂಬ ವರ್ಗಗಳು ಅಲ್ಲಿವೆ. ಹೊಸ ಚಾಸಿಸ್ ಮೇಲೆ ಬಾಡಿ ಕಟ್ಟಿಸಿದ್ದಾದರೆ ಫಾರ್ಮ್ 22-ಎ ಕೇಳಿ. ಅದರ ಮೊದಲ ಭಾಗಕ್ಕೆ ಚಾಸಿಸ್ ತಯಾರಕರ ಸಹಿ ಇರಬೇಕು, ಎರಡನೆಯದಕ್ಕೆ ಬಾಡಿ ಕಟ್ಟಿದವರ ಸಹಿ. ಬಾಡಿ ಕಟ್ಟಿದವರು ಸಹಿ ಹಾಕಲು ಹಿಂದೆಮುಂದೆ ನೋಡಿದರೆ ನಾವೂ ಹಣ ಕೊಡಲು ಹಿಂದೆಮುಂದೆ ನೋಡಬೇಕು.

ಇನ್ನು ಬಾಡಿಯ ಗಟ್ಟಿತನ. ದಕ್ಷಿಣ ಕೊಡಗಿನಲ್ಲಿ ಇದನ್ನು ತೀರ್ಮಾನಿಸುವುದು ಮಳೆ. ಜೂನ್‌ನಲ್ಲಿ ಹಿಡಿದ ಮಳೆ ಬ್ರಹ್ಮಗಿರಿ ತಪ್ಪಲಿನಲ್ಲಿ ವಾರಗಟ್ಟಲೆ ಬಿಡುವುದಿಲ್ಲ. ಬಿಸಿಲ ನಾಡಿನಲ್ಲಿ ಹತ್ತು ವರ್ಷ ಬಾಳುವ ಬಾಡಿ ಇಲ್ಲಿ ಎರಡೇ ಮಳೆಗಾಲಕ್ಕೆ ಸೋಲಬಹುದು. ಚಾವಣಿಯಲ್ಲಿ ಎಸಿ, ಸೋಲಾರ್ ಪ್ಯಾನೆಲ್, ಗಾಳಿ ಕಿಂಡಿಗೆಂದು ಕೊರೆದ ಪ್ರತಿ ತೂತೂ ನೀರಿಗೆ ದಾರಿ. ಸೀಲಂಟ್ ಬಿರುಕು ಬಿಟ್ಟಲ್ಲಿ ನೀರು ಇಳಿಯುತ್ತದೆ, ಆದರೆ ಸೋರುವುದು ನಮಗೆ ಕಾಣುವುದಿಲ್ಲ. ಚಾವಣಿ ಮತ್ತು ಒಳಹಲಗೆಯ ನಡುವಿನ ಫೋಮ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಪ್ಲೈವುಡ್ ಉಬ್ಬುತ್ತದೆ, ಕಬ್ಬಿಣದ ಚೌಕಟ್ಟು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹಾಸಿಗೆ ಎತ್ತಿ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ, ಅಥವಾ ಕಪಾಟು ತೆರೆದಾಗ ಮುಗ್ಗಲು ವಾಸನೆ ಬಂದರೆ, ಹೊರಗಿನ ಹೊಸ ಬಣ್ಣ ಯಾವುದಕ್ಕಾಗಿ ಹೊಡೆದದ್ದು ಎಂದು ಕೇಳಿ. ಹಳೆಯ ಗಾಡಿಯಾದರೆ ಬೇಸಿಗೆಯಲ್ಲಿ ನೋಡಿ ವ್ಯವಹಾರ ಮುಗಿಸಬೇಡಿ. ಜುಲೈವರೆಗೆ ಕಾಯಲಾಗದಿದ್ದರೆ ಸರ್ವಿಸ್ ಸ್ಟೇಷನ್‌ಗೆ ಒಯ್ದು ಚಾವಣಿಯ ಜೋಡಣೆಗಳ ಮೇಲೆ ಅರ್ಧ ಗಂಟೆ ನೀರು ಬಿಡಿಸಿ ಒಳಗೆ ಕುಳಿತು ನೋಡಿ.

ಹೊಸದನ್ನು ಕಟ್ಟಿಸುವವರಿಗೆ ನನ್ನ ಒಂದೇ ಒತ್ತಾಯ: ಒಳಹಲಗೆ ಹೊಡೆಯುವ ಮೊದಲು ಒಮ್ಮೆ ಶೆಡ್ಡಿಗೆ ಹೋಗಿ ನೋಡುವ ಹಕ್ಕನ್ನು ಕರಾರಿನಲ್ಲೇ ಬರೆಸಿಕೊಳ್ಳಿ, ಅದಾದ ಮೇಲೆಯೇ ಎರಡನೇ ಕಂತು ಕೊಡಿ. ಆ ಒಂದು ದಿನ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಬೆಸುಗೆ ಪೂರ್ತಿ ಎಳೆದಿದ್ದಾರೋ ಅಲ್ಲಲ್ಲಿ ಚುಕ್ಕೆ ಇಟ್ಟಿದ್ದಾರೋ, ಅದರ ಮೇಲೆ ಪ್ರೈಮರ್ ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ. ಮುಖ್ಯವಾಗಿ ವೈರಿಂಗ್ ನೋಡಿ. ಕಬ್ಬಿಣದ ಪಟ್ಟಿಯಲ್ಲಿ ತೂತು ಕೊರೆದು ವೈರು ದಾಟಿಸಿದ ಕಡೆ ರಬ್ಬರ್ ಬುಷ್ ಇರಲೇಬೇಕು. ಇಲ್ಲದಿದ್ದರೆ ಗಾಡಿಯ ಅದುರಾಟಕ್ಕೆ ಲೋಹದ ಅಂಚು ವೈರಿನ ಪ್ಲಾಸ್ಟಿಕ್ಕನ್ನು ದಿನವೂ ಸವೆಸುತ್ತದೆ, ಒಂದು ದಿನ ತಾಮ್ರ ಕಬ್ಬಿಣಕ್ಕೆ ತಾಗುತ್ತದೆ. ಬ್ಯಾಟರಿಯಿಂದ ಹೊರಡುವ ದಪ್ಪ ಕೇಬಲ್ಲಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು; ನಾಲ್ಕಡಿ ದೂರದಲ್ಲಿದ್ದರೆ ಆ ನಾಲ್ಕಡಿಗೆ ರಕ್ಷಣೆಯೇ ಇಲ್ಲ. ಕಿಡಿ ಹಾರಿದರೆ ಮೊದಲು ಹತ್ತಿಕೊಳ್ಳುವುದು ಗೋಡೆಯೊಳಗಿನ ಫೋಮ್. ಅದರ ಹೊಗೆ ವಿಷ. ಆದ್ದರಿಂದ ಫೋಮ್, ರೆಕ್ಸಿನ್, ಪರದೆ ಬಟ್ಟೆ ಬೇಗ ಬೆಂಕಿ ಹತ್ತದ ಗುಣಮಟ್ಟದ್ದು ಎಂಬ ಪ್ರಮಾಣಪತ್ರ ಕೇಳಿ ಪಡೆಯಿರಿ.

ನೆಲದ ತೂತುಗಳನ್ನೂ ಅದೇ ದಿನ ಎಣಿಸಬೇಕು. ಪೈಪಿಗೆ, ಕೇಬಲ್ಲಿಗೆ ಕೊರೆದ ಪ್ರತಿಯೊಂದೂ ಬಿಗಿಯಾಗಿ ಮುಚ್ಚಿರಬೇಕು. ಜನರೇಟರಿನ ಕೋಣೆ ಮತ್ತು ಮಲಗುವ ಜಾಗದ ನಡುವೆ ಗಾಳಿಯಾಡದ ತಗಡಿನ ಗೋಡೆ ಬೇಕು, ಹೊಗೆ ಕೊಳವೆ ಗಾಡಿಯ ಅಡಿಯಲ್ಲಿ ನಿಲ್ಲದೆ ಬದಿಯಿಂದ ಹೊರಗೆ ಚಾಚಿರಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕೊಡಗಿನ ಚಳಿಗೆ ಕಿಟಕಿ ಮುಚ್ಚಿ ಮಲಗುವ ರೂಢಿ ನಮ್ಮದು, ಒಳಗೆ ಕೆಂಡದ ಒಲೆ ಇಟ್ಟುಕೊಂಡರೂ ಅಪಾಯ ಇದೇ. ಮಂಚದ ಎತ್ತರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಅಡುಗೆ ಅನಿಲಕ್ಕೆ ಬೇರೆಯೇ ಅಲಾರಂ ಬೇಕು, ಅದನ್ನು ನೆಲದ ಬಳಿ ಕೂರಿಸಬೇಕು, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇರಬೇಕಾದ್ದೂ ಅದಕ್ಕೇ.

ಇನ್ನು ಬೆಂಕಿ ಬಿದ್ದರೆ ಹೊರಬರುವ ದಾರಿ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಹೋದರು. ಎರಡೇ ವಾರದಲ್ಲಿ ಹಾವೇರಿ ಬಳಿ ಇನ್ನೊಂದು ಬಸ್ಸಿನಲ್ಲಿ ಏಳು ಮಂದಿ. ಮಲಗಿದವರು ಬೆಂಕಿಯಿಂದ ತಪ್ಪಿಸಿಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ. ಕ್ಯಾರವಾನ್‌ನಲ್ಲಿ ಬಾಗಿಲಿನ ಪಕ್ಕದಲ್ಲೇ ಅಡುಗೆಕಟ್ಟೆ ಇದ್ದರೆ, ಬೆಂಕಿ ಹುಟ್ಟುವುದೂ ಅಲ್ಲಿ, ಹೊರಗೆ ಹೋಗಬೇಕಾದ್ದೂ ಅಲ್ಲಿಂದ. ಎರಡನೇ ದಾರಿ ಮಂಚದ ಕಡೆಯೇ ಇರಬೇಕು. ಮನೆಯಲ್ಲಿರುವ ಅಜ್ಜಿಯನ್ನೂ, ಹತ್ತು ವರ್ಷದ ಮಗುವನ್ನೂ ಕರೆದೊಯ್ದು, ದೀಪ ಆರಿಸಿ, ಆ ಕಿಟಕಿಯನ್ನು ಅವರ ಕೈಯಲ್ಲೇ ತೆರೆಸಿ ನೋಡಿ. ಗಾಡಿ ಓಡುವಾಗ ಎಷ್ಟು ಜನ ಹೋಗುತ್ತಾರೋ ಅಷ್ಟು ಸೀಟ್‌ಬೆಲ್ಟ್ ಬೇಕು, ಅದರ ಬೋಲ್ಟು ಚಾಸಿಸ್‌ನ ಕಬ್ಬಿಣಕ್ಕೆ ಬಿಗಿದಿರಬೇಕು, ಪ್ಲೈವುಡ್ಡಿಗಲ್ಲ.

ಕೊನೆಗೆ ತೂಕ. ಕಾಫಿ ಲಾರಿ ತೂಗುವ ವೇಬ್ರಿಡ್ಜ್‌ಗೆ ಗಾಡಿ ಹತ್ತಿಸಿ ಚೀಟಿ ಪಡೆಯಿರಿ. ಆರ್‌ಸಿಯಲ್ಲಿ ಗರಿಷ್ಠ ತೂಕ 4,000 ಕೆಜಿ ಎಂದಿದ್ದು, ಖಾಲಿ ಗಾಡಿಯೇ 3,500 ತೂಗಿತು ಎಂದಿಟ್ಟುಕೊಳ್ಳಿ. ಉಳಿಯಿತು 500. ನಾಲ್ಕು ಜನರಿಗೆ 280, ಟ್ಯಾಂಕಿನ 120 ಲೀಟರ್ ನೀರಿಗೆ 120 ಹೋದರೆ ಮಿಕ್ಕ 100 ಕೆಜಿಯಲ್ಲಿ ಗ್ಯಾಸು, ಪಾತ್ರೆ, ಬಟ್ಟೆ, ದಿನಸಿ ಎಲ್ಲ ಬರಬೇಕು. ಹಿಂದಿನ ಆಕ್ಸಲ್ ಮಾತ್ರ ಹತ್ತಿಸಿಯೂ ಒಮ್ಮೆ ತೂಗಿಸಿ. ಮಂಚ, ನೀರು, ಜನರೇಟರ್ ಮೂರೂ ಹಿಂದೆಯೇ ಇದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಟೈರಿನ ಬದಿಯಲ್ಲಿರುವ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಟ್ರೆಡ್ ಸವೆಯದಿದ್ದರೂ ಹಳೆಯ ರಬ್ಬರ್ ಬಿಸಿಗೆ ಒಡೆಯುತ್ತದೆ.

ಆಮೇಲೆ ಟ್ಯಾಂಕ್ ತುಂಬಿಸಿ, ಮನೆಮಂದಿಯಷ್ಟೇ ಭಾರ ಹೇರಿ, ಮಾರುವವರನ್ನೂ ಕೂರಿಸಿಕೊಂಡು ಮಾಕುಟ್ಟ ಘಾಟಿಯನ್ನು ಒಮ್ಮೆ ಕಡಿಮೆ ಗೇರಿನಲ್ಲಿ ಇಳಿದು ಬನ್ನಿ. ಬಯಲಿನ ಹೆದ್ದಾರಿಯಲ್ಲಿ ಕೊಡುವ ಟೆಸ್ಟ್ ಡ್ರೈವ್‌ನಲ್ಲಿ ಚಾವಣಿಯ ಭಾರ ತಿರುವಿನಲ್ಲಿ ಗಾಡಿಯನ್ನು ಎಷ್ಟು ವಾಲಿಸುತ್ತದೆ, ನಾಲ್ಕನೇ ತಿರುವಿಗೆ ಬ್ರೇಕ್ ಪೆಡಲ್ ಎಷ್ಟು ಕೆಳಗಿಳಿಯುತ್ತದೆ ಎಂಬುದು ತಿಳಿಯುವುದಿಲ್ಲ. ಬಾಡಿಗೆಗೆ ಬಿಡುವ ಉದ್ದೇಶವಿದ್ದರೆ ಖಾಸಗಿ ನೋಂದಣಿ ಸಾಲದು, ವಾಣಿಜ್ಯ ನೋಂದಣಿಯೂ ಪರ್ಮಿಟ್ಟೂ ಬೇಕು. ಹಣ ಕೊಡುವ ಮುನ್ನವೇ ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ ಆ ಗಾಡಿಯ ಕಾಗದಗಳನ್ನು ತೋರಿಸಿ ಕೇಳಿಕೊಂಡು ಬನ್ನಿ.