ಸ್ಪೇಸ್ ಎಷ್ಟು ಬಿಡಬೇಕು ಅನ್ನೋದಕ್ಕೂ ಜಗಳನಾ?

ಕೋಡ್ ಬರೆಯೋ ಟೀಮುಗಳಲ್ಲಿ ಟ್ಯಾಬಾ ಸ್ಪೇಸಾ ಅಂತ ಜಗಳ ಶುರುವಾದರೆ ಗೆಲ್ಲೋದು ಹೆಚ್ಚಾಗಿ ಸೀನಿಯರ್. ಹೊಸದಾಗಿ ಸೇರಿದ ಹುಡುಗಿಯ ಲಾಜಿಕ್ ಸರಿ ಇದ್ದರೂ ಕಾಮಾ ಜಾಗಕ್ಕೆ ಹತ್ತು ಕಮೆಂಟು. ಅದಕ್ಕೇ ನಾನು, ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ಹಾಕೋ ಫಾರ್ಮ್ಯಾಟರ್ ಪರ. ಪೈಥಾನ್‌ಗೆ 2018ರಲ್ಲಿ ಬಂದ ಬ್ಲ್ಯಾಕ್, ನಾವೇನೂ ಹೇಳದಿದ್ದರೆ ಸಾಲಿಗೆ 88 ಅಕ್ಷರ, ಜೋಡಿ ಕೋಟು ಅಂತ ತಾನೇ ತೀರ್ಮಾನ ಮಾಡುತ್ತೆ. ಗೋ ಭಾಷೆಯ ಗೋಫಮ್ಟ್ ಅಂತೂ ಯಾರ ಇಷ್ಟವನ್ನೂ ಕೇಳಲ್ಲ. ನಮ್ಮ ಬ್ಯಾಂಕ್ ಚಲನ್ ಥರ: ಮ್ಯಾನೇಜರಿಗೂ ಅದೇ ಚೌಕ, ನನಗೂ ಅದೇ. (ಆ ಚಲನ್ ನನಗೂ ಇಷ್ಟ ಇಲ್ಲ ಬಿಡಿ.)

ತಕರಾರು ಒಂದೇ. ಹಳೇ ಕೋಡನ್ನೆಲ್ಲ ಫಾರ್ಮ್ಯಾಟ್ ಮಾಡಿ, ಅದೇ ಕಮಿಟ್‌ನಲ್ಲಿ ಬಡ್ಡಿ ಲೆಕ್ಕದ ಸೂತ್ರವನ್ನೂ ಬದಲಿಸಬೇಡಿ. ಸಾವಿರ ಸಾಲು ಬದಲಾದಾಗ ಆ ಒಂದು ಸಾಲು ಯಾರ ಕಣ್ಣಿಗೂ ಬೀಳಲ್ಲ. ಫಾರ್ಮ್ಯಾಟಿಂಗ್‌ಗೆ ಬೇರೆ ಕಮಿಟ್, ಬಡ್ಡಿಗೆ ಬೇರೆ.